ಉಂಟು ಫಾದರ್ ಚಾರ್ಜ್ ತಗೊಂಡ ವರ್ಷ

ಮ್ಯಾಗಜಿನ್ ನೋಡಿಕೊಳ್ಳುವ ಮೇಷ್ಟ್ರು ಫೋನ್ ಮಾಡಿದ್ದರು. "ಈ ಜೂನ್‌ನಲ್ಲಿ ಹೊಸ ಹೆಡ್ ಮಾಸ್ಟರ್ ಬರ್ತಿದ್ದಾರೆ ಸಾರ್, ಹಳೇ ವಿದ್ಯಾರ್ಥಿಯಾಗಿ ಏನಾದ್ರೂ ಹಾರೈಸಿ ಬರೆದುಕೊಡಿ" ಅಂದರು. ಹಾರೈಸುವುದಕ್ಕೆ ಎರಡು ಸಾಲು ಸಾಕು. ಆ ಎರಡು ಸಾಲಿಗೆ ನಾನೇ ಯಾಕೆ ಬೇಕು? ಅದರ ಬದಲು 1984ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿ ಊರು ಕೆ.ಜಿ.ಎಫ್.ನ ನಮ್ಮ ಶಾಲೆಗೆ ಬಂದ ಹೊಸ ಫಾದರ್ ಬಗ್ಗೆ ಬರೆಯುತ್ತೇನೆ. ಆಗ ನಾನು ಒಂಬತ್ತನೇ ಕ್ಲಾಸ್, ಕನ್ನಡ ಸೆಕ್ಷನ್.

ಆ ಕಾಲದಲ್ಲಿ ನಮ್ಮ ಶಾಲೆಗೆ ಹೆಡ್ ಮಾಸ್ಟರ್ ಅಂದರೆ ಫಾದರೇ. ಬೆಂಗಳೂರಿನ ಆರ್ಚ್‌ಬಿಷಪ್ ಅವರ ಕಡೆಯಿಂದ ಒಂದು ಕಾಗದ ಬಂದರೆ ಮುಗಿಯಿತು. ಹನ್ನೊಂದು ವರ್ಷ ಇದ್ದವರೂ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಎತ್ತಿಕೊಂಡು ಹೊರಡಬೇಕು. ಹೆಂಡತಿ ಮಕ್ಕಳಿಲ್ಲ, ಪಾತ್ರೆ ಪಗಡಿ ಇಲ್ಲ, ಇವರಿಗೇನು ಕಷ್ಟ ಅಂತ ನಾವು ಅಂದುಕೊಂಡಿದ್ದೆವು. ಬೀಳ್ಕೊಡುಗೆ ದಿನ ಹಳೆಯ ಫಾದರ್ ಮಾತಾಡಲು ಎದ್ದರು. ಮೈಕ್ ಹಿಡಿದರು. ಏನೂ ಹೇಳದೆ ಕೂತುಬಿಟ್ಟರು. ನಮಗೆಲ್ಲ ಅವರನ್ನು ಕಂಡರೆ ಭಯ ಇತ್ತು. ಆ ದಿನ ಏನು ಮಾಡಬೇಕೋ ಗೊತ್ತಾಗದೆ ಜೋರಾಗಿ ಚಪ್ಪಾಳೆ ತಟ್ಟಿದೆವು.

ಚಾರ್ಜ್ ವಹಿಸಿಕೊಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಫೀಸ್ ರಿಯಾಯಿತಿ ಅರ್ಜಿಗೆ ಸೀಲ್ ಹಾಕಿಸಲು ಹೋಗಿ ಆಫೀಸ್ ಬಾಗಿಲಲ್ಲಿ ನಿಂತಿದ್ದೆ. ಹಳೆಯ ಫಾದರ್ ಬೀಗದ ಕೈ ಗೊಂಚಲು ಹಿಡಿದು ಒಂದೊಂದನ್ನೇ ತೋರಿಸುತ್ತಿದ್ದರು. ಇದು ಲ್ಯಾಬ್, ಇದು ಬೀರು, ಇದು ಆಟದ ಸಾಮಾನಿನ ರೂಮು. ಕೊನೆಯಲ್ಲಿ ಒಂದು ಉದ್ದನೆಯ ಹಿತ್ತಾಳೆ ಬೀಗದ ಕೈ ಉಳಿಯಿತು. "ಇದು ಯಾವುದರದ್ದೋ ಗೊತ್ತಿಲ್ಲ. ನನಗೆ ಕೊಟ್ಟವರಿಗೂ ಗೊತ್ತಿರಲಿಲ್ಲ" ಅಂದರು. ಹೊಸಬರು ಅದನ್ನು ತಿರುಗಿಸಿ ನೋಡಿ ನಕ್ಕರು. "ಯಾವುದಕ್ಕಾದರೂ ಉಂಟಲ್ಲ" ಅಂದರು.

ಅವರ ಬಾಯಿಂದ ನಾನು ಕೇಳಿದ ಮೊದಲ ಮಾತೇ ಅದು. ಅವರು ಮಂಗಳೂರು ಕಡೆಯವರು. ಮನೆಮಾತು ಕೊಂಕಣಿ. ಕನ್ನಡ ಮಾತ್ರ ಪಠ್ಯಪುಸ್ತಕ ಬಾಯಿಬಿಟ್ಟ ಹಾಗೆ. ಒಂದೊಂದು ಅಕ್ಷರವೂ ಬಿಡಿಸಿ ಬಿಡಿಸಿ ಬರುತ್ತಿತ್ತು. ನಮ್ಮದು ಕೆ.ಜಿ.ಎಫ್. ಕನ್ನಡ. ಅರ್ಧ ತೆಲುಗು, ಕಾಲು ತಮಿಳು, ಉಳಿದಿದ್ದು ಕನ್ನಡ. ಮೊದಲ ಅಸೆಂಬ್ಲಿಯಲ್ಲಿ ಅವರು "ನಿಮ್ಮಲ್ಲಿ ಯಾರಿಗೆಲ್ಲ ಪುಸ್ತಕ ಉಂಟು, ಯಾರಿಗೆ ಇಲ್ಲ?" ಅಂದರು. ಕನ್ನಡ ಸೆಕ್ಷನ್‌ನವರು ಕಿಸಕ್ಕನೆ ನಕ್ಕೆವು. ತಮಿಳು ಹುಡುಗರು ನಗಲೇ ಇಲ್ಲ. ಅವರ ಮಾತಲ್ಲೂ 'ಉಂಡು' ಇದೆಯಲ್ಲ, ಹಾಗಾಗಿ ಥಟ್ಟನೆ ಅರ್ಥ ಆಯಿತು. "ಫಾದರ್ ನಮ್ಮವರೇ ಕಣೋ" ಅಂತ ಮಧ್ಯಾಹ್ನ ನಮ್ಮನ್ನೇ ರೇಗಿಸಿದರು. ಗೋಕಾಕ್ ಚಳವಳಿ ಆಗಿ ಎರಡೇ ವರ್ಷ. ಭಾಷೆ ಅಂದರೆ ದೊಡ್ಡವರೆಲ್ಲ ಬಿಗಿಯಾಗಿದ್ದ ಕಾಲ. ಹುಡುಗರ ನಡುವೆ ಅದು ಹೀಗೆ ನಗೆಯಲ್ಲಿ ಹೋಗಿದ್ದು ಒಳ್ಳೆಯದೇ ಆಯಿತು. ಅಂದೇ ಸಂಜೆಯೊಳಗೆ ಹೆಸರು ಬಿದ್ದಿತ್ತು, ಉಂಟು ಫಾದರ್.

ಮೊದಲ ಎರಡು ವಾರ ಅವರು ಏನೂ ಮಾಡಲಿಲ್ಲ. ಹೊಸ ರೂಲ್ಸ್ ಇಲ್ಲ, ಸರ್ಕ್ಯುಲರ್ ಇಲ್ಲ. ಆ ಹಿತ್ತಾಳೆ ಬೀಗದ ಕೈ ಹಿಡಿದು ಶಾಲೆಯೆಲ್ಲ ತಿರುಗಿದರು. ಸಿಕ್ಕ ಸಿಕ್ಕ ಬೀಗಕ್ಕೆ ಹಾಕಿ ನೋಡುವುದು, ಆಗದಿದ್ದರೆ ಮುಂದೆ ಹೋಗುವುದು. ಹೀಗೆ ಪಾಠದ ಮಧ್ಯೆ ನಮ್ಮ ಕ್ಲಾಸಿಗೂ ಬಂದರು. ಮೂಲೆಯ ಬೀರುವಿಗೆ ಹಾಕಿ ತಿರುಗಿಸಿದರು. ಆಗಲಿಲ್ಲ. ಮೇಲೆ ನೋಡಿ, "ಇಲ್ಲಿ ಫ್ಯಾನ್ ಇಲ್ಲವಾ?" ಅಂತ ಕೇಳಿದರು. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದ ಊರು ನಮ್ಮದು. ಬೆಂಗಳೂರಿಗಿಂತ ಮೊದಲೇ ನಮಗೆ ದೀಪ ಬಂತು ಅಂತ ಊರಲ್ಲಿ ಈಗಲೂ ಜಂಬ ಕೊಚ್ಚುತ್ತಾರೆ. ಆದರೆ ಎಂಬತ್ತೆರಡು ವರ್ಷ ಆದರೂ ಕನ್ನಡ ಸೆಕ್ಷನ್‌ಗೆ ಫ್ಯಾನ್ ಬಂದಿರಲಿಲ್ಲ. ಅವರು ಏನೂ ಅನ್ನದೆ ಹೋದರು. ದಸರಾ ರಜೆ ಮುಗಿಸಿ ಬಂದಾಗ ಎರಡು ಫ್ಯಾನ್ ತಿರುಗುತ್ತಿದ್ದವು. ಒಂದು ಸ್ವಲ್ಪ ಕಿರುಗುಟ್ಟುತ್ತಿತ್ತು, ಇರಲಿ.

ಊರೂ ಅವರಿಗೆ ಹೊಸದು. ಹೊರಗೆ ಕಾಣುವ ಬೂದು ಗುಡ್ಡ ತೋರಿಸಿ ಅದು ಯಾವ ಬೆಟ್ಟ ಅಂತ ಒಬ್ಬ ಹುಡುಗನನ್ನು ಕೇಳಿದರಂತೆ. ಅವನು "ಸೈನೈಡ್ ಗುಡ್ಡ ಫಾದರ್" ಅಂದ. ಅವರು ಗಾಬರಿಯಾದರು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನು ನೂರು ವರ್ಷದಿಂದ ಸುರಿದೂ ಸುರಿದೂ ಆದ ಗುಡ್ಡಗಳು ಅವು. ಗಾಳಿ ಎದ್ದರೆ ಆ ಧೂಳು ಊಟದ ಡಬ್ಬಿಗೂ ಬರುತ್ತಿತ್ತು. ಫಾದರ್‌ಗಳ ಬಿಳಿ ನಿಲುವಂಗಿಗೆ ಇಡೀ ಕರ್ನಾಟಕದಲ್ಲಿ ಇದಕ್ಕಿಂತ ಕೆಟ್ಟ ಪೋಸ್ಟಿಂಗ್ ಇರಲಿಕ್ಕಿಲ್ಲ.

ಜುಲೈನಲ್ಲಿ ಒಂದು ದಿನ, ಎರಡನೇ ಪೀರಿಯಡ್. ಕೆಳಗಿನಿಂದ ಗುಡುಗಿದ ಹಾಗೆ ಸದ್ದಾಯಿತು. ಬೆಂಚು ಅಲುಗಾಡಿತು. ಗೋಡೆಯಿಂದ ಸುಣ್ಣ ಉದುರಿತು. ನಮಗೆ ಇದು ಗೊತ್ತಿದ್ದದ್ದೇ. ರಾಕ್ ಬರ್ಸ್ಟ್ ಅನ್ನುತ್ತಾರೆ. ಆಳದಲ್ಲಿ ಕಲ್ಲು ಒತ್ತಡ ತಡೆಯಲಾರದೆ ಒಮ್ಮೆಗೇ ಸಿಡಿಯುತ್ತದೆ. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಹೋಗಿತ್ತು. ಪ್ರಪಂಚದಲ್ಲೇ ತುಂಬಾ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಕೆಳಗೆ ಸಿಡಿದರೂ ಮೇಲೆ ನಮ್ಮ ಇಂಕ್ ಬಾಟ್ಲಿ ಉರುಳುತ್ತಿತ್ತು.

ಫಾದರ್‌ಗೆ ಇದು ಗೊತ್ತಿರಲಿಲ್ಲ. ಭೂಕಂಪ ಅಂದುಕೊಂಡರು. ಆಫೀಸಿನಿಂದ ಓಡಿಬಂದು ತಾವೇ ಗಂಟೆ ಬಾರಿಸಿದರು. "ಎಲ್ಲರೂ ಹೊರಗೆ ಬನ್ನಿ, ಬೇಗ, ಬೇಗ" ಅಂತ ಕೂಗಿದರು. ನಾವೆಲ್ಲ ಮೈದಾನಕ್ಕೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಷ್ಟ್ರುಗಳೂ ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದರು. ಫಾದರ್ ಮುಖ ಕೆಂಪಾಯಿತು. ಆದರೆ ಅಷ್ಟರಲ್ಲಿ ಅವರು ಇನ್ನೊಂದು ನೋಡಿದರು. ನಗದೆ ನಿಂತ ಹುಡುಗರು. ಅಲ್ಲೊಬ್ಬ, ಇಲ್ಲೊಬ್ಬ. ಗೇಟಿನ ಕಡೆ, ದೂರದಲ್ಲಿ ಗಣಿಗೆ ಇಳಿಯುವ ಶಾಫ್ಟ್ ಕಡೆ ನೋಡುತ್ತಾ ನಿಂತಿದ್ದರು. ಅವರ ಅಪ್ಪಂದಿರಿಗೆ ಅಂದು ಬೆಳಗಿನ ಶಿಫ್ಟ್.

ನಾನು ನಗುತ್ತಿದ್ದವರ ಗುಂಪಿನಲ್ಲಿದ್ದೆ. ನಮ್ಮಪ್ಪ ಕೆಳಗಿಳಿಯುವವರಲ್ಲ. ಅದನ್ನು ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಅಂದು ಯಾರಿಗೂ ಏನೂ ಆಗಿರಲಿಲ್ಲ. ಫಾದರ್ ಆಫೀಸಿನ ಕಪ್ಪು ಫೋನಿನಿಂದ ಗಣಿಯ ಟೈಮ್ ಆಫೀಸಿಗೆ ಫೋನ್ ಹಚ್ಚಿ ಹಚ್ಚಿ ವಿಚಾರಿಸಿದರು. ಲೈನ್ ಸಿಗುವಾಗ ಮಧ್ಯಾಹ್ನವಾಗಿತ್ತು. ಮರುದಿನ ಅವರೇ ಕ್ಲಾಸ್ ಕ್ಲಾಸಿಗೆ ಬಂದರು. ಹಾಜರಿ ಪುಸ್ತಕ ತೆರೆದು, ಪ್ರತಿಯೊಬ್ಬನ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಬರೆದುಕೊಂಡರು. ಅಪ್ಪ ಯಾವ ಶಾಫ್ಟ್, ಈ ವಾರ ಯಾವ ಶಿಫ್ಟ್. ಶಿಫ್ಟ್ ಬದಲಾಗುತ್ತಿತ್ತಲ್ಲ, ಅದಕ್ಕೇ ಪೆನ್ಸಿಲ್. ಪ್ರತಿ ಸೋಮವಾರ ಅಳಿಸಿ ಹೊಸದಾಗಿ ಬರೆಯುವ ಕೆಲಸ ಕ್ಲಾಸ್ ಲೀಡರ್‌ದು. ಇನ್ಸ್‌ಪೆಕ್ಷನ್‌ಗೆ ಬಂದವರು ಸರ್ಕಾರಿ ರಿಜಿಸ್ಟರ್‌ನಲ್ಲಿ ಇದೇನು ಗೀಚಾಟ ಅಂತ ಕೇಳಿದರಂತೆ. ಅವರು ಏನು ಉತ್ತರ ಕೊಟ್ಟರೋ, ಪೆನ್ಸಿಲ್ ಬರಹವಂತೂ ನಿಲ್ಲಲಿಲ್ಲ. ಆಮೇಲೆ ನೆಲ ಅದುರಿದಾಗಲೆಲ್ಲ ಅವರು ಗಂಟೆ ಬಾರಿಸಲಿಲ್ಲ. ಫೋನ್ ಮಾಡಿ, ಪುಸ್ತಕ ನೋಡಿ, ಆ ಹುಡುಗರ ಹತ್ತಿರ ಮಾತ್ರ ಬಂದು ಮೆಲ್ಲಗೆ "ಏನೂ ತೊಂದರೆ ಇಲ್ಲ, ಆಯ್ತಾ?" ಅನ್ನುತ್ತಿದ್ದರು. ಒಂದು ಸಲ ಹಾಗೆ ಹೇಳಲು ಆಗಲಿಲ್ಲ. ಆ ಹುಡುಗನ ಭುಜದ ಮೇಲೆ ಕೈಯಿಟ್ಟು ಆಸ್ಪತ್ರೆವರೆಗೆ ನಡೆದುಕೊಂಡು ಹೋದರು. ಅದರ ಬಗ್ಗೆ ಬರೆಯುವುದು ಬೇಡ. ಅವನ ಮನೆಯವರು ಈ ಮ್ಯಾಗಜಿನ್ ಓದುತ್ತಾರೆ.

ನನ್ನ ಹೆಸರಿನ ಪಕ್ಕ ಬರೆಯುವಾಗ "ಅಪ್ಪ ವೈಂಡಿಂಗ್ ಎಂಜಿನ್ ಡ್ರೈವರ್" ಅಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೂ ಸರಿಯಾಗಿ ವಿವರಿಸಲು ಬರಲಿಲ್ಲ. ಆ ಭಾನುವಾರ ಪೂಜೆ ಮುಗಿಸಿ ಸೈಕಲ್ ಹತ್ತಿ ನಮ್ಮನೆಗೇ ಬಂದುಬಿಟ್ಟರು. ಅಮ್ಮನಿಗೆ ದಿಗಿಲು, ನಾನೇನೋ ಮಾಡಿದ್ದೇನೆ ಅಂತ. ಚಾಪೆ ಹಾಸಲೋ ಕುರ್ಚಿ ತರಲೋ ಅಂತ ಪರದಾಡಿದರು. ಫಾದರ್ ಹೊಸ್ತಿಲ ಹತ್ತಿರವೇ ಕೂತರು. ಅಮ್ಮ ಕೊಟ್ಟ ರಾಗಿ ಹುರಿಹಿಟ್ಟು ತಿಂದರು.

ಅಪ್ಪ ಮನೆಯಲ್ಲಿ ಮಾತು ಕಮ್ಮಿ. ಅಂದು ಒಂದು ಗಂಟೆ ಮಾತಾಡಿದರು. ಜನರನ್ನು ಗಣಿಯೊಳಕ್ಕೆ ಒಯ್ಯುವ ಕೇಜ್ ಇಳಿಸುವುದು, ಎತ್ತುವುದು ಅವರ ಕೆಲಸ. ಕೆಳಗಿನಿಂದ ಗಂಟೆ ಬರುತ್ತದೆ. ಕೇಜ್ ಓಡುತ್ತಿರುವಾಗ ಒಂದು ಗಂಟೆ ಬಂದರೆ ನಿಲ್ಲಿಸಬೇಕು. ಎರಡು ಬಂದರೆ ಇಳಿಸಬೇಕು. ಮೂರು ಬಂದರೆ ಜನ ಹತ್ತುತ್ತಿದ್ದಾರೆ, ಹುಷಾರು.

"ಕೇಜ್ ನಿಮಗೆ ಕಾಣುತ್ತದಾ?" ಅಂತ ಫಾದರ್ ಕೇಳಿದರು.

"ಎಲ್ಲಿ ಕಾಣುತ್ತೆ ಫಾದರ್? ನಾನು ಕೂತಿರೋದು ಎಂಜಿನ್ ಮನೇಲಿ. ಮುಂದೆ ಒಂದು ಡಯಲ್ ಇರುತ್ತೆ. ಮುಳ್ಳು ನೋಡಬೇಕು, ಗಂಟೆ ಕೇಳಿಸ್ಕೋಬೇಕು, ಅಷ್ಟೇ" ಅಂದರು ಅಪ್ಪ.

"ತಪ್ಪು ಕೇಳಿಸಿದರೆ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅನುಮಾನ ಬಂದ್ರೆ ಎಳೆಯಲ್ಲ ಫಾದರ್. ಇನ್ನೊಂದು ಸಲ ಗಂಟೆ ಹೊಡೆಯೋವರೆಗೂ ಕೈ ಇಡಲ್ಲ. ಮೇಲೆ ಸಾಹೇಬರು ಎಷ್ಟು ಬೈದ್ರೂ ಅಷ್ಟೇ."

ಫಾದರ್ ತಲೆಯಾಡಿಸಿದರು. ಹೋಗುವಾಗ ಅಮ್ಮನಿಗೆ "ಹುರಿಹಿಟ್ಟು ಚೆಂದ ಉಂಟು" ಅಂದರು. ಅಮ್ಮ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು.

ಆಗಸ್ಟ್ 15 ಅವರಿಗೆ ಡಬಲ್ ಹಬ್ಬ. ಅಂದೇ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವೂ ಹೌದು. ಪ್ರತಿ ವರ್ಷ ಒಂದು ಲಡ್ಡು ಕೊಡುತ್ತಿದ್ದರು. ಆ ವರ್ಷ ಎರಡು ಕೊಟ್ಟರು. ದೇಶಕ್ಕೊಂದು, ಮಾತೆಗೊಂದು. ಹೊಸ ಹೆಡ್ ಮಾಸ್ಟರ್ ಹೇಗಿದ್ದಾರೆ ಅನ್ನುವ ಚರ್ಚೆ ಹುಡುಗರ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಇಷ್ಟು ಓದಿ ಅವರು ದೇವರಂಥವರು ಅಂದುಕೊಳ್ಳಬೇಡಿ. ಹೊಡೆಯುತ್ತಿದ್ದರು. ಕಮ್ಮಿ, ಆದರೆ ಹೊಡೆಯುತ್ತಿದ್ದರು. ಫುಟ್‌ಬಾಲ್ ವಿಷಯದಲ್ಲಿ ಅವರು ಮಾಡಿದ್ದು ತಪ್ಪು ಅಂತ ನಲವತ್ತು ವರ್ಷ ಆದ ಮೇಲೂ ಹೇಳುತ್ತೇನೆ. ಕೆ.ಜಿ.ಎಫ್.ನಲ್ಲಿ ಫುಟ್‌ಬಾಲ್ ಅಂದರೆ ಏನು ಅಂತ ಇಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಮ್ಯಾಚ್ ಇತ್ತು. ಹಾಜರಿ ಕಮ್ಮಿ ಇದ್ದವರು ಟೀಮ್‌ನಲ್ಲಿ ಬೇಡ ಅಂತ ಅವರು ಅಂದರು. ನಮ್ಮ ಸೆಂಟರ್ ಫಾರ್ವರ್ಡ್‌ಗೆ ಮೊದಲ ಪೀರಿಯಡ್ ಯಾವಾಗಲೂ ಆಬ್ಸೆಂಟ್. ತೆಗೆದುಹಾಕಿದರು. ನಾಲ್ಕು ಗೋಲಿನಿಂದ ಸೋತೆವು.

ಸೋತದ್ದು ದೊಡ್ಡದಲ್ಲ. ಆ ಹುಡುಗ ಲೇಟಾಗಿ ಬರುತ್ತಿದ್ದದ್ದು ನೀರಿಗೆ. ನಮಗೆ ನೀರು ಬೇತಮಂಗಲದ ಕೆರೆಯಿಂದ ಬರುತ್ತಿತ್ತು. ಅವನಿದ್ದದ್ದು ಲೈನ್ ಮನೆಗಳ ಕೊನೆಯಲ್ಲಿ. ಅಲ್ಲಿ ನಲ್ಲಿಯಲ್ಲಿ ನೀರು ಬರುವ ಹೊತ್ತೂ ಶಾಲೆ ಗಂಟೆ ಹೊಡೆಯುವ ಹೊತ್ತೂ ಒಂದೇ ಆಗಿತ್ತು. ಮನೆಯಲ್ಲಿ ಅಮ್ಮ ಇಲ್ಲ. ಅಪ್ಪ ಶಿಫ್ಟ್ ಮುಗಿಸಿ ಬಂದು ಮಲಗಿರುತ್ತಿದ್ದರು. ಕೊಡ ಹಿಡಿದು ಇವನೇ ನಿಲ್ಲಬೇಕು. ಅವರಪ್ಪನ ಶಿಫ್ಟ್ ಫಾದರ್ ಪೆನ್ಸಿಲಿನಲ್ಲಿ ಇತ್ತು. ನಲ್ಲಿ ಇರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ನಮಗೆ ಗೊತ್ತಿತ್ತು, ನಾವೂ ಹೇಳಲಿಲ್ಲ. ಅವನು ಶಾಲೆಗೆ ಬರುವುದನ್ನೇ ಬಿಟ್ಟ.

ಫಾದರ್ ಮೂರು ಸಲ ಅವನ ಮನೆಗೆ ಹೋದರು. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ, ದಾರಿ ತೋರಿಸಲು. "ನಾನು ಕೇಳಬೇಕಿತ್ತು" ಅಂತ ಅವನಿಗೇ ಹೇಳಿದರು. ಒಬ್ಬ ಹೆಡ್ ಮಾಸ್ಟರ್ ಹುಡುಗನ ಹತ್ತಿರ ಹಾಗೆ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವನು ನೆಲ ನೋಡುತ್ತಾ ನಿಂತಿದ್ದ. ವಾಪಸ್ ಬರಲಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಸೈಕಲ್ ಶಾಪ್‌ಗೆ ಸೇರಿಕೊಂಡ. ಮುಂದಿನ ಸೋಮವಾರದಿಂದ ಹಾಜರಿ ಪುಸ್ತಕದಲ್ಲಿ ಶಿಫ್ಟ್ ಪಕ್ಕ ಇನ್ನೊಂದು ಗುರುತು ಬಂತು. ನೀ ಅಂತ ಒಂದೇ ಅಕ್ಷರ. ನೀ ಇದ್ದವರಿಗೆ ಮೊದಲ ಪೀರಿಯಡ್‌ಗೆ ಕಾಲು ಗಂಟೆ ಮಾಫಿ.

ಅವರು ನಮ್ಮಲ್ಲಿ ಆರು ವರ್ಷ ಇದ್ದರು. ಆಮೇಲೆ ಮತ್ತೆ ಕಾಗದ ಬಂತು, ಟ್ರಂಕು ಎತ್ತಿಕೊಂಡು ಹೋದರು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಅಪ್ಪ ಅಷ್ಟರಲ್ಲಿ ರಿಟೈರ್ ಆಗಿದ್ದರು. ಆದರೂ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ಬರುತ್ತಿರುವ ಹೆಡ್ ಮಾಸ್ಟರ್ ಫಾದರ್ ಅಲ್ಲ. ಹೆಂಡತಿ ಮಕ್ಕಳಿರುವ ಮೇಷ್ಟ್ರು. ನಮ್ಮ ಶಾಲೆಗೆ ಇದೇ ಮೊದಲು. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಕೆಲವರು ಗೊಣಗಿದರು. ನಿಲುವಂಗಿ ಇಲ್ಲದಿದ್ದರೆ ಶಿಸ್ತು ಇರಲ್ಲ ಅಂತ ಒಬ್ಬರು. ನನಗೇನೂ ಹಾಗೆ ಅನ್ನಿಸುವುದಿಲ್ಲ. ಧೂಳು ನಿಲುವಂಗಿಗೂ ಬೀಳುತ್ತೆ, ಪ್ಯಾಂಟಿಗೂ ಬೀಳುತ್ತೆ.

ಹೋದ ವಾರ ಆ ಹೊಸ ಹೆಡ್ ಮಾಸ್ಟರೇ ಫೋನ್ ಮಾಡಿದ್ದರು. ಬೀಗದ ಕೈ ಗೊಂಚಲು ತಗೊಂಡೆ, ಒಂದು ಯಾವುದಕ್ಕೂ ಸೇರ್ತಿಲ್ಲ ಅಂದರು. ನಾನು ನಕ್ಕು ಈ ಕಥೆಯೆಲ್ಲ ಹೇಳಿದೆ. ಆ ಹಾಜರಿ ಪುಸ್ತಕಗಳು ಇನ್ನೂ ಇವೆಯಾ ಅಂತ ಕೇಳಿದರು. ಹಳೇ ರೆಕಾರ್ಡ್ ರೂಮಿನಲ್ಲಿ ಗೆದ್ದಲು ತಿಂದಿದ್ದನ್ನು ನಾನೇ ನೋಡಿದ್ದೇನೆ ಅಂದೆ. ಯಾವ ಯಾವ ಗುರುತು ಇತ್ತು, ಹೇಗೆ ಬರೆಯುತ್ತಿದ್ದರು ಅಂತ ಬಿಡಿಸಿ ಬಿಡಿಸಿ ಕೇಳಿಕೊಂಡರು.

"ಈಗ ಶಾಫ್ಟ್ ಇಲ್ಲವಲ್ಲ ಸಾರ್" ಅಂದೆ.

"ಶಾಫ್ಟ್ ಇಲ್ಲ. ಆದರೆ ಅರ್ಧ ಹುಡುಗರ ಅಪ್ಪ ಅಮ್ಮ ಬೆಳಗಿನ ಜಾವ ಬೆಂಗಳೂರಿಗೆ ಹೋಗ್ತಾರೆ, ರಾತ್ರಿ ಬರ್ತಾರೆ. ನಾಲ್ಕು ಗಂಟೆಗೆ ಪೇರೆಂಟ್ಸ್ ಮೀಟಿಂಗ್ ಇಟ್ಟರೆ ಯಾರು ಬರ್ತಾರೆ?" ಅಂದರು. ಸ್ವಲ್ಪ ತಡೆದು ಕೇಳಿದರು, "ಮಾರಿಕುಪ್ಪಂನಿಂದ ಬೆಳಿಗ್ಗೆ ಎಷ್ಟು ರೈಲು ಹೊರಡುತ್ತೆ ಸಾರ್? ಯಾರು ಯಾವುದರಲ್ಲಿ ಹೋಗ್ತಾರೆ ಅಂತ ಬರ್ಕೋಬೇಕು."