ಚಕ್ರಕ್ಕೆ ಕಟ್ಟಿದ ದೀಪ

ತಂಗಿಯ ಮಗನಿಗೆ ಸೈಕಲ್ ತುಳಿಯುವುದಕ್ಕಿಂತ ಅದನ್ನು ಸಿಂಗರಿಸುವುದರಲ್ಲೇ ಆಸಕ್ತಿ ಹೆಚ್ಚು. ಗಂಟೆ ಬದಲಾಯಿಸಿದ್ದಾಯಿತು, ಹ್ಯಾಂಡಲ್ಲಿನ ತುದಿಗೆ ಬಣ್ಣದ ಎಳೆಗಳನ್ನು ಇಳಿಬಿಟ್ಟದ್ದಾಯಿತು, ಈಗ ಚಕ್ರಗಳ ಸರದಿ. ಕಳೆದ ಶನಿವಾರ ಮಧ್ಯಾಹ್ನ ಬಂದವನೇ ಚೀಲದಿಂದ ಎರಡು ಪೊಟ್ಟಣ ತೆಗೆದು ನನ್ನ ಮುಂದಿಟ್ಟ. ಒಂದರಲ್ಲಿ ಟ್ಯೂಬಿನ ವಾಲ್ವಿಗೆ ತಿರುಗಿಸಿ ಕೂರಿಸುವ ಎಲ್‌ಇಡಿ ಮುಚ್ಚಳಗಳು. ಇನ್ನೊಂದರಲ್ಲಿ ಚಕ್ರದ ಕಡ್ಡಿಗಳಿಗೆ ಸುತ್ತುವ ಎರಡು ದೀಪದ ಸರಗಳು, ಒಂದೊಂದರ ತುದಿಗೂ ಸೆಲ್ಲು ಹಾಕುವ ಪುಟ್ಟ ಡಬ್ಬಿ.

"ದೊಡ್ಡಮ್ಮ, ಕತ್ತಲಾಗುವುದರೊಳಗೆ ಎಲ್ಲವನ್ನೂ ಕಟ್ಟಿಕೊಡಬೇಕು" ಎಂದ.

ಹಿಂದೆಯೇ ಬಂದ ತಂಗಿ, "ಅಕ್ಕ, ಮುಂದಕ್ಕೊಂದು ಹಿಂದಕ್ಕೊಂದು ದೀಪ ಇದೆಯಲ್ಲ, ಸಾಲದೇ? ಈ ಆಡಂಬರ ಯಾಕೆ ಇವನಿಗೆ?" ಎಂದಳು.

ಅವಳಿಗೆ ಆಗಲೇ ಉತ್ತರ ಹೇಳಬಹುದಿತ್ತು. ಆದರೆ ಕತ್ತಲಾದ ಮೇಲೆ ತೋರಿಸಿಬಿಡೋಣ ಎಂದುಕೊಂಡು ಸುಮ್ಮನಾದೆ. ಮುಂದಿನ ದೀಪ ಎದುರಿನಿಂದ ಬರುವವರಿಗೆ, ಹಿಂದಿನದು ಬೆನ್ನ ಹಿಂದೆ ಬರುವವರಿಗೆ. ಅಡ್ಡರಸ್ತೆಯಿಂದ ನುಗ್ಗಿ ಬರುವವರ ಪಾಲಿಗೆ ಆ ಎರಡೂ ಇಲ್ಲದಂತೆಯೇ. ಸೈಕಲ್ಲಿನ ಮಗ್ಗುಲು ಪೂರಾ ಕತ್ತಲೆ. ಚಕ್ರದ ದೀಪವನ್ನು ಮಕ್ಕಳಾಟಿಕೆ ಎಂದು ತಳ್ಳಿಹಾಕುವವರು ಬಹುಶಃ ತಮ್ಮ ಸೈಕಲ್ಲನ್ನು ರಾತ್ರಿ ಹೊತ್ತು ಪಕ್ಕದಿಂದ ನೋಡಿರುವುದಿಲ್ಲ. ಹೇಗೆ ನೋಡಿಯಾರು, ಅದರ ಮೇಲೆ ಕುಳಿತಿರುತ್ತಾರಲ್ಲ!

ಮೊದಲು ಮುಚ್ಚಳಗಳನ್ನು ಕೈಗೆತ್ತಿಕೊಂಡೆವು. ಇವುಗಳಿಗೆ ಸ್ವಿಚ್ಚಿಲ್ಲ. ಅಂಗೈಯಲ್ಲಿಟ್ಟು ಅಲುಗಿಸಿದರೆ ಮಿನುಗುತ್ತವೆ, ಬಿಟ್ಟರೆ ತುಸು ಹೊತ್ತಿನಲ್ಲಿ ತಾವಾಗಿಯೇ ಆರುತ್ತವೆ. ಹುಡುಗ ಅದೊಂದು ಮಾಯೆ ಎಂಬಂತೆ ನೋಡುತ್ತಿದ್ದನಾದ್ದರಿಂದ ಒಂದನ್ನು ಬಿಚ್ಚಿ ತೋರಿಸಿದೆ. ಒಂದರ ಮೇಲೊಂದು ಕೂತ ಮೂರು ಗುಂಡಿ ಸೆಲ್ಲುಗಳು, ನೆತ್ತಿಯಲ್ಲಿ ಎಲ್‌ಇಡಿ, ಪಕ್ಕದಲ್ಲಿ ನೋಡಲು ಕಣ್ಣು ಕಿರಿದಾಗಿಸಬೇಕಾದಷ್ಟು ಸಣ್ಣ ಸುರುಳಿ ಸ್ಪ್ರಿಂಗ್, ಅದರ ನಡುವೆ ಸೋಕದಂತೆ ನಿಂತ ಒಂದು ತಂತಿ. ಅಲುಗಾಡಿದಾಗ ಸ್ಪ್ರಿಂಗು ಬಾಗಿ ತಂತಿಗೆ ತಾಗುತ್ತದೆ, ವಿದ್ಯುತ್ತು ಹರಿಯುತ್ತದೆ. ಅಷ್ಟೇ ಅದರ ಗುಟ್ಟು. ಉಗುರಿನಿಂದ ಸ್ಪ್ರಿಂಗನ್ನು ಮೆಲ್ಲಗೆ ಒತ್ತಿ ದೀಪ ಹತ್ತಿಸುವುದನ್ನು ಅವನು ಕಲಿತ ಮೇಲೆ ಕೆಲಸ ಅಲ್ಲಿಯೇ ನಿಂತಿತು. ಮುಚ್ಚಳ ಕಿತ್ತುಕೊಳ್ಳಲು ಸಾಕುಸಾಕಾಯಿತು.

ಈ ಮುಚ್ಚಳಗಳನ್ನು ಬಿಗಿಯಾಗಿ ತಿರುಗಿಸಬೇಕು. ಓಡುವ ಸೈಕಲ್ಲಿನಲ್ಲಿ ಮುಚ್ಚಳ ಸದಾ ಕುಲುಕಾಡುತ್ತಿರುತ್ತದೆ. ಸಡಿಲವಿದ್ದರೆ ಅದುರಿ ಅದುರಿ ಕಳಚಿಕೊಳ್ಳುತ್ತದೆ. ಕಳೆದುಹೋದರೆ ಚಿಂತೆಯಿಲ್ಲ; ಮನೆಯೊಳಗೆ ಬಿದ್ದು ಒಡೆದು ಅದರ ಸೆಲ್ಲು ಎಳೆಯ ಮಗುವಿನ ಕೈಗೆ ಸಿಕ್ಕರೆ ಚಿಂತೆ. ನುಂಗಿದ ಗುಂಡಿ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಒಳಗೋಡೆಯನ್ನು ಸುಡಬಲ್ಲದು. ತಂಗಿಯ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಇನ್ನೊಬ್ಬಳಿದ್ದಾಳೆ. ಆದ್ದರಿಂದ ಬಿಡಿ ಮುಚ್ಚಳಗಳು ನನ್ನ ಬಳಿಯೇ ಉಳಿದವು. ಈ ವಿಷಯದಲ್ಲಿ ಹುಡುಗನ ಮುನಿಸಿಗೆ ನಾನು ಬಗ್ಗಲಿಲ್ಲ.

ಸರ ಸುತ್ತುವುದು ತಾಳ್ಮೆಯ ಕೆಲಸ. ಸೈಕಲ್ಲನ್ನು ಸೀಟು, ಹ್ಯಾಂಡಲ್ಲುಗಳ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಸೆಲ್ಲಿನ ಡಬ್ಬಿಯನ್ನು ಚಕ್ರದ ನಡುವಿನ ಗುಂಬವಾದ ಹಬ್ಬಿನ ಪಕ್ಕ ಎರಡು ಕಡ್ಡಿಗಳಿಗೆ ಸೇರಿಸಿ ಬಿಗಿದೆ. ಡಬ್ಬಿ ರಿಮ್ಮಿನ ಕಡೆಗೆ ಹೋದಷ್ಟೂ ಚಕ್ರದ ಒಂದು ಪಕ್ಕ ಭಾರವಾಗುತ್ತದೆ. ತಿರುಗಿಸಿ ಬಿಟ್ಟರೆ ಡಬ್ಬಿ ಕೆಳಗೆ ಬರುವ ಹಾಗೆಯೇ ಚಕ್ರ ನಿಲ್ಲುತ್ತದೆ. ಮಗುವಿನ ವೇಗಕ್ಕೆ ಅದರಿಂದ ಕೇಡೇನಿಲ್ಲ, ಆದರೂ ನನಗೆ ಕಿರಿಕಿರಿ. ಅಲ್ಲಿಂದ ಮುಂದಕ್ಕೆ ಬುಟ್ಟಿ ಹೆಣೆಯುವವರ ಹಾಗೆ ಒಂದು ಕಡ್ಡಿಯ ಮೇಲೆ, ಮುಂದಿನದರ ಕೆಳಗೆ ತಂತಿ ಹಾಯಿಸುತ್ತ, ಒಮ್ಮೆ ರಿಮ್ಮಿನ ಹತ್ತಿರಕ್ಕೆ ಹೋಗಿ, ಮತ್ತೆ ಹಬ್ಬಿನ ಹತ್ತಿರಕ್ಕೆ ಬಂದು, ನಾಲ್ಕಾರು ಕಡ್ಡಿಗೊಮ್ಮೆ ಕೇಬಲ್ ಟೈ ಬಿಗಿದು, ಬಾಲ ಕತ್ತರಿಸುತ್ತ ಹೋದೆ. ಬ್ರೇಕಿನ ರಬ್ಬರಿಗಾಗಲಿ ಚೈನಿಗಾಗಲಿ ತಂತಿ ತಾಗಬಾರದು. ಕೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಕಿವಿಗೊಟ್ಟು ಕೇಳಿದೆ. ಹಿಂದಿನ ಚಕ್ರದಲ್ಲಿ ಒಂದೆಡೆ 'ಟಿಕ್' ಎಂದಿತು: ಕೇಬಲ್ ಟೈನ ಕತ್ತರಿಸಿದ ತುದಿ ಫ್ರೇಮಿಗೆ ಸೋಕುತ್ತಿತ್ತು. ಅದನ್ನು ಒಳಮುಖವಾಗಿ ತಿರುಗಿಸಿದ ಮೇಲೆ ಸದ್ದಡಗಿತು.

"ಸೊಟ್ಟಸೊಟ್ಟಗಿದೆ ದೊಡ್ಡಮ್ಮ. ಪೊಟ್ಟಣದ ಮೇಲಿನ ಚಿತ್ರದಲ್ಲಿ ರಿಮ್ಮಿನ ಸುತ್ತ ದುಂಡಗಿದೆ ನೋಡಿ."

"ಸೊಟ್ಟಗೇ ಇರಲಿ. ಯಾಕೆಂದು ರಾತ್ರಿ ಹೇಳುತ್ತೇನೆ."

ಬಣ್ಣದ ವಿಷಯದಲ್ಲೂ ಜಗಳವಾಯಿತು. ಒಂದು ಸರ ಹಸಿರು, ಒಂದು ಕೆಂಪು. ಕೆಂಪು ಮುಂದಿನ ಚಕ್ರಕ್ಕೇ ಬೇಕೆಂದು ಅವನ ಹಟ. ಮುಂದೆ ಬಿಳಿ ಇಲ್ಲವೇ ಹಳದಿ, ಹಿಂದೆ ಕೆಂಪು ಎಂಬುದು ಲೋಕದ ಬಹುಭಾಗ ಒಪ್ಪಿಕೊಂಡ ಕ್ರಮ. ರಸ್ತೆ ಸಂಚಾರದ ಬಗ್ಗೆ 1968ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ ಸೈಕಲ್ಲಿಗೂ ಅದನ್ನೇ ಹೇಳುತ್ತದೆ. ಕೆಂಪು ಕಂಡವರು ಅದು ತಮ್ಮಿಂದ ದೂರ ಹೋಗುತ್ತಿರುವ ವಾಹನದ ಬೆನ್ನು ಎಂದುಕೊಳ್ಳುತ್ತಾರೆ. ಅದು ಎದುರಿಗೇ ಬರುತ್ತಿದ್ದರೆ? ಹಾಗಾಗಿ ಕೆಂಪು ಹಿಂದಕ್ಕೆ ಹೋಯಿತು. ಬಣ್ಣ ಬದಲಿಸುತ್ತ ಹೋಗುವ ದೀಪಗಳನ್ನು ನಾನು ಇಷ್ಟಪಡದಿರುವುದಕ್ಕೂ ಇದೇ ಕಾರಣ. ಕೆಂಪು ಎಲ್‌ಇಡಿ ಬೆಳಗಲು ಸುಮಾರು 2 ವೋಲ್ಟ್ ಸಾಕು, ನೀಲಿ ಮತ್ತು ಹಸಿರಿಗೆ 3ರ ಹತ್ತಿರ ಬೇಕು. ಸೆಲ್ಲು ಸೋಲುತ್ತ ಬಂದಂತೆ ನೀಲಿ ಮಂಕಾಗುತ್ತದೆ, ಹಸಿರೂ ಬಾಡುತ್ತದೆ, ಕೊನೆಗೆ ಉಳಿಯುವುದು ಕೆಂಪು. ನನ್ನ ಹಳೆಯ ಸರವೊಂದು ಕೊಂಡ ಹೊಸತರಲ್ಲಿ ಬೆಳ್ಳಗೆ ಉರಿದು, ಬರಬರುತ್ತ ಕಿತ್ತಳೆಯಾಗಿ, ಸಾಯುವ ಮುನ್ನ ಅಪ್ಪಟ ಕೆಂಪಾಗಿತ್ತು, ಅದೂ ಮುಂದಿನ ಚಕ್ರದಲ್ಲಿ.

ಹೊತ್ತು ಮುಳುಗಿದ ಮೇಲೆ, ಸೈಕಲ್ ಇನ್ನೂ ತಲೆಕೆಳಗಾಗಿ ನಿಂತಿರುವಾಗಲೇ, ಸರಗಳನ್ನು ಹೊತ್ತಿಸದೆ ವಾಲ್ವಿನ ಮುಚ್ಚಳ ಮಾತ್ರ ಮಿನುಗುವಂತೆ ಮಾಡಿ ಪೆಡಲನ್ನು ಕೈಯಿಂದ ರಭಸವಾಗಿ ತಿರುಗಿಸಿದೆ. ಹಿಂದಿನ ಚಕ್ರದಲ್ಲಿ ಬೆಳಕಿನ ಬಳೆಯೊಂದು ಮೂಡಿತು. ಇರುವುದು ಒಂದೇ ದೀಪ, ಕಾಣುವುದು ಇಡೀ ವೃತ್ತ. ಉರಿಯುವ ಕೊಳ್ಳಿಯನ್ನು ಬೀಸಿದರೆ ಕಾಣುವ ಬೆಂಕಿಯ ಚಕ್ರವನ್ನು ಅಲಾತಚಕ್ರ ಎಂದು ಕರೆದು, ಇಲ್ಲದ್ದು ಇದ್ದಂತೆ ತೋರುವುದಕ್ಕೆ ವೇದಾಂತಿಗಳು ಅದನ್ನೇ ದೃಷ್ಟಾಂತ ಮಾಡಿಕೊಂಡಿದ್ದರು. ಅದಕ್ಕೆ ಅಳತೆಗೋಲು ಹಿಡಿದವರು ಬೇರೆ: 1765ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಪ್ಯಾಟ್ರಿಸ್ ದಾರ್ಸಿ ಎಂಬಾತ, ತಿರುಗುವ ಕೆಂಡವೊಂದು ಪೂರ್ಣ ವೃತ್ತವಾಗಿ ಕಾಣಬೇಕಾದರೆ ಒಂದು ಸುತ್ತನ್ನು ಸುಮಾರು 0.13 ಸೆಕೆಂಡಿನಲ್ಲಿ ಮುಗಿಸಬೇಕು ಎಂದು ವರದಿ ಮಾಡಿದ. ಅಂದರೆ ಸೆಕೆಂಡಿಗೆ ಏಳೆಂಟು ಸುತ್ತು. ಕೈಯಿಂದ ತಿರುಗಿಸಿದ ಚಕ್ರ ಅದರ ಹತ್ತಿರಕ್ಕೆ ಹೋಗಬಲ್ಲದು. ರಸ್ತೆಯಲ್ಲಿ ಮಾತ್ರ ಸಾಧ್ಯವಿಲ್ಲ. ಹುಡುಗನ 20 ಇಂಚಿನ ಚಕ್ರ ಒಂದು ಸುತ್ತಿಗೆ 1.6 ಮೀಟರ್ ಸಾಗುತ್ತದೆ; ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಒಂದೂವರೆ ಸುತ್ತು, ಅಷ್ಟೇ. ಬಳೆ ಕೂಡುವುದಿಲ್ಲ, ಬಾಲವಿರುವ ಚುಕ್ಕಿಯೊಂದು ಓಡುತ್ತದೆ.

ಇಷ್ಟರಲ್ಲಿ ನನ್ನ ಸೈಕಲ್ಲಿನ ಸುದ್ದಿ ಬಂತು. ಅದರ ಹಿಂದಿನ ಚಕ್ರದಲ್ಲಿ ಚಿತ್ರ ಬರೆಯುವ ದೀಪವಿದೆ: ಹಬ್ಬಿನ ಎರಡು ಪಕ್ಕಕ್ಕೂ ಕಡ್ಡಿಗಳ ಗುಂಟ ಚಾಚಿಕೊಂಡ ಪಟ್ಟಿಗಳು, ಅವುಗಳ ಉದ್ದಕ್ಕೂ ಎಲ್‌ಇಡಿಗಳ ಸಾಲು. ಫ್ರೇಮಿಗೆ ಅಂಟಿಸಿದ ಆಯಸ್ಕಾಂತದ ಎದುರು ಪಟ್ಟಿ ಹಾದುಹೋದಾಗಲೆಲ್ಲ ಅದರಲ್ಲಿರುವ ಸಂವೇದಕಕ್ಕೆ ಒಂದು ಸುತ್ತು ಮುಗಿದದ್ದು ತಿಳಿಯುತ್ತದೆ. ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕ ಹಾಕಿ, ಯಾವ ಕೋನದಲ್ಲಿ ಯಾವ ದೀಪ ಹತ್ತಬೇಕು, ಯಾವುದು ಆರಬೇಕು ಎಂದು ಒಳಗಿನ ಎಲೆಕ್ಟ್ರಾನಿಕ್ ಚಿಪ್ ತೀರ್ಮಾನಿಸುತ್ತದೆ. ಚಕ್ರ ತಿರುಗುತ್ತದೆ, ಚಿತ್ರ ನೆಟ್ಟಗೆ ನಿಲ್ಲುತ್ತದೆ. ನಾನು ಅದರಲ್ಲಿ ಒಂದು ನಕ್ಷತ್ರ ಹಾಕಿಟ್ಟಿದ್ದೆ. ಇದು ಜಾಣತನದ ವಸ್ತು ಎಂಬುದರಲ್ಲಿ ಎರಡು ಮಾತಿಲ್ಲ. ಅದರ ಸಂಯೋಜನೆಯನ್ನು ಸರಿಪಡಿಸುತ್ತ ನಿದ್ದೆಗೆಟ್ಟ ರಾತ್ರಿಗಳನ್ನು ನಾನು ವ್ಯರ್ಥ ಎನ್ನುವುದಿಲ್ಲ.

ಮನೆ ಮುಂದಿನ ರಸ್ತೆಯಲ್ಲಿ ಆಗ ವಾಹನಗಳಿರಲಿಲ್ಲ. ನಾನು ದೂರದಲ್ಲಿ ಪಕ್ಕಕ್ಕೆ ನಿಂತೆ. ತಂಗಿ ನನ್ನ ಸೈಕಲ್ಲಿನಲ್ಲಿ, ಹುಡುಗ ತನ್ನದರಲ್ಲಿ ಹಾದುಹೋದರು. ನನ್ನ ನಕ್ಷತ್ರ ಬೆಳಗಿತು, ಆದರೆ ಬಿಟ್ಟುಬಿಟ್ಟು. ದೊಡ್ಡ ಚಕ್ರ ಒಂದು ಸುತ್ತಿಗೆ 2.1 ಮೀಟರ್ ಸಾಗುತ್ತದೆ. 18 ಕಿಲೋಮೀಟರ್ ವೇಗಕ್ಕೆ ಸೆಕೆಂಡಿಗೆ 2.4 ಸುತ್ತು, ಎರಡು ಪಟ್ಟಿಗಳೂ ಸೇರಿ ಚಿತ್ರವನ್ನು ಸೆಕೆಂಡಿಗೆ ಐದು ಸಲ ಬರೆದಂತಾಯಿತು. ದಾರ್ಸಿಯ ಲೆಕ್ಕಕ್ಕೆ ಅದು ಸಾಲದು. ಗಂಟೆಗೆ 30 ಕಿಲೋಮೀಟರಿನ ಆಸುಪಾಸಿಗೆ ಹೋಗಬೇಕು. ತಂಗಿ ಆ ಪಾಟಿ ತುಳಿಯುವವಳಲ್ಲ.

ಅದಲ್ಲ ನನಗೆ ಹೊಳೆದದ್ದು. ನಕ್ಷತ್ರ ಕತ್ತಲಲ್ಲಿ ತೇಲುತ್ತ ಸರಿದುಹೋಯಿತು, ಅದರ ಜೊತೆಗೆ ಸೈಕಲ್ ಇದೆಯೆಂದು ಅನ್ನಿಸಲಿಲ್ಲ. ಗೊತ್ತಿರುವ ನನಗೇ ಹಾಗಾದರೆ, ಗೊತ್ತಿಲ್ಲದ ಚಾಲಕನಿಗೆ? ಹಿಂದೆ ಬಂದ ಹುಡುಗನ ಸೊಟ್ಟ ಸರಗಳ ಮಾತೇ ಬೇರೆ. ಒಂದು ಚುಕ್ಕಿ ಮೇಲಕ್ಕೆ ನೆಗೆಯುತ್ತದೆ, ಇನ್ನೊಂದು ಕೆಳಕ್ಕೆ ಧುಮುಕುತ್ತದೆ, ಹಬ್ಬಿನ ಹತ್ತಿರದವು ಹೆಚ್ಚೇನೂ ಕುಣಿಯದೆ ಸಾಗುತ್ತವೆ. ಮುಂದೆ ಹಸಿರಿನ ಉರುಳಾಟ, ಹಿಂದೆ ಕೆಂಪಿನ ಉರುಳಾಟ. ಫ್ರೇಮು, ಸೀಟು, ಸವಾರ ಯಾವುದೂ ಕಾಣದಿದ್ದರೂ ಅದು ಸೈಕಲ್ಲೇ, ಬಲದಿಂದ ಎಡಕ್ಕೆ ಹೋಗುತ್ತಿದೆ ಎಂದು ನೋಡಿದ ಕ್ಷಣದಲ್ಲಿ ತಿಳಿಯುತ್ತದೆ. ಕಣ್ಣು ಚಲನೆಯನ್ನು ಓದುವ ಈ ಬಗೆಯನ್ನು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ 1973ರಲ್ಲಿ ತೋರಿಸಿಕೊಟ್ಟಿದ್ದ. ಕತ್ತಲಲ್ಲಿ ಮನುಷ್ಯನ ಕೀಲುಗಳ ಮೇಲೆ ಮಾತ್ರ ಬೆಳಕಿನ ಚುಕ್ಕಿಗಳಿದ್ದಾಗ, ನಿಂತಿದ್ದರೆ ಅವು ಅರ್ಥವಿಲ್ಲದ ಚುಕ್ಕಿಗಳು. ನಡೆದರೆ ಸಾಕು, ಮನುಷ್ಯ ಎದ್ದು ಕಾಣುತ್ತಾನೆ. ಪೆಡಲಿನ ಪ್ರತಿಫಲಕಗಳು ಅಷ್ಟು ಚಿಕ್ಕವಾದರೂ ಬೇಗ ಗಮನ ಸೆಳೆಯುವುದು ಅವು ಮೇಲೆ ಕೆಳಗೆ ಆಡುವುದರಿಂದ. ಚಿತ್ರ ಬರೆಯುವ ದೀಪ ಇದಕ್ಕೆ ತದ್ವಿರುದ್ಧ: ತಿರುಗುವುದನ್ನು ಮರೆಮಾಚುವುದೇ ಅದರ ಕಸುಬು. ರಿಮ್ಮಿನ ಸುತ್ತ ಒಪ್ಪವಾಗಿ ಜೋಡಿಸಿದ ಸರವೂ ಅಷ್ಟೇ, ವೇಗ ಹೆಚ್ಚಾದರೆ ನಿಂತ ಬಳೆಯಾಗಿಬಿಡುತ್ತದೆ. ಸರವನ್ನು ಸೊಟ್ಟಗೆ ಸುತ್ತಿದ್ದರ ಕಾರಣವನ್ನು ಹುಡುಗನಿಗೆ ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ, ಮೊಬೈಲ್ ಬೇಕೆಂದ.

ಮೊಬೈಲಿನಲ್ಲಿ ಶಟರನ್ನು ಕೆಲವು ಸೆಕೆಂಡು ತೆರೆದಿಡುವ ಸೌಲಭ್ಯವಿತ್ತು. ಕಲ್ಲಿಗೆ ಒರಗಿಸಿಟ್ಟು, ಸರಗಳನ್ನು ಆರಿಸಿ, ಮುಚ್ಚಳ ಮಾತ್ರ ಉರಿಯುವಂತೆ ಅವನನ್ನು ಸಾಗಲು ಹೇಳಿದೆ. ಚಿತ್ರದಲ್ಲಿ ವೃತ್ತ ಬರುತ್ತದೆಂದು ತಂಗಿ, ಗೀಟು ಬರುತ್ತದೆಂದು ಅವನು. ಬಂದದ್ದು ಸಾಲು ಕಮಾನುಗಳು. ದೀಪ ಮಿನುಗುತ್ತಿದ್ದುದರಿಂದ ಕಮಾನಿನ ಗೆರೆ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ನೆತ್ತಿಯಲ್ಲಿ ಚುಕ್ಕೆಗಳು ದೂರ ದೂರ, ಬುಡದಲ್ಲಿ ಒತ್ತೊತ್ತು. ಉರುಳುವ ಚಕ್ರದ ತುತ್ತತುದಿ ಸೈಕಲ್ಲಿನ ಎರಡು ಪಟ್ಟು ವೇಗದಲ್ಲಿ ಮುಂದಕ್ಕೆ ಹೋಗುತ್ತದೆ, ನೆಲಕ್ಕೆ ತಾಗಿದ ಬಿಂದು ಆ ಗಳಿಗೆಗೆ ನಿಶ್ಚಲ. ಚುಕ್ಕೆಗಳ ಅಂತರ ಅದನ್ನೇ ಅಚ್ಚೊತ್ತಿ ತೋರಿಸುತ್ತಿತ್ತು. ಈ ರೇಖೆಗೆ ಸೈಕ್ಲಾಯ್ಡ್ ಎಂದು ಹೆಸರಿಟ್ಟವನು ಗೆಲಿಲಿಯೊ. ಅದರಡಿಯ ವಿಸ್ತೀರ್ಣ ತಿಳಿಯಲು ಆತ ಲೋಹದ ತಗಡು ಕತ್ತರಿಸಿ ತೂಗಿ ನೋಡಿದ್ದ. ಒಂದು ಕಮಾನಿನ ಉದ್ದ ಚಕ್ರದ ವ್ಯಾಸದ ಸರಿಯಾಗಿ ನಾಲ್ಕು ಪಟ್ಟು ಎಂದು 1658ರಲ್ಲಿ ಸಾಧಿಸಿದವನು ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್. ಹುಡುಗನ ಸೈಕಲ್ 1.6 ಮೀಟರ್ ಹೋಗುವಷ್ಟರಲ್ಲಿ ಅದರ ಟೈರಿನ ಮೇಲೊಂದು ಇರುವೆ ಕೂತಿದ್ದರೆ ಅದು ಎರಡು ಮೀಟರಿಗಿಂತ ತುಸು ಹೆಚ್ಚೇ ದಾರಿ ಸವೆಸಿರುತ್ತದೆ. ವಾಲ್ವು ಟೈರಿಗಿಂತ ಒಳಗಿರುವುದರಿಂದ ನಮ್ಮ ಕಮಾನುಗಳ ಬುಡ ಚೂಪಾಗಿರದೆ ದುಂಡಗಿತ್ತು. ಇರುವೆಯ ಲೆಕ್ಕ ಅವನಿಗೆ ಬಹಳ ಹಿಡಿಸಿತು. ಅದು ಸತ್ತುಹೋಗುವುದಿಲ್ಲವೇ ಎಂದೂ ಕೇಳಿದ.

ಕೊನೆಗೆ ತಂಗಿಯೇ ಪಕ್ಕದಲ್ಲಿ ನಿಂತು ಮಗ ಹಾದುಹೋಗುವುದನ್ನು ನೋಡಿದಳು. ಮೊದಲು ಮುಂದಿನ ಹಿಂದಿನ ದೀಪಗಳು ಮಾತ್ರ, ಆಮೇಲೆ ಸರಗಳೂ ಸೇರಿ. ಆಡಂಬರದ ಮಾತು ಮತ್ತೆ ಎತ್ತಲಿಲ್ಲ. ಮಳೆ ಬಂದರೆ ಡಬ್ಬಿಯೊಳಗೆ ನೀರು ಹೋಗುವುದಿಲ್ಲವೇ ಎಂದು ಮಾತ್ರ ಕೇಳಿದಳು. ಹೋಗುತ್ತದೆ. ಸೆಲ್ಲಿನ ತಗಡುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ನೆನೆದಾಗಲೆಲ್ಲ ತೆರೆದು ಒರೆಸಿ ಒಣಗಿಸಬೇಕು. ಆ ಕೆಲಸವನ್ನು ಅವನಿಗೇ ವಹಿಸಿದೆವು.

ಹುಡುಗನಿಗೆ ನನ್ನ ಪಟ್ಟಿದೀಪದ ಮೇಲೆ ಕಣ್ಣಿತ್ತು, ಆದರೆ ಅದರ ಉದ್ದ ಅವನ ಚಕ್ರಕ್ಕೆ ಹಿಡಿಯುವುದಿಲ್ಲ. ಸಿಗದೆಂದು ತಿಳಿದ ಮೇಲೆ ಸಲಹೆ ಕೊಡತೊಡಗಿದ: "ಚಿತ್ರ ಬೇಡ ದೊಡ್ಡಮ್ಮ, ತುದಿಯ ಲೈಟು ಒಂದೇ ಉರಿಯಲಿ. ಆಗ ನಿಮ್ಮದೂ ಸೈಕಲ್ ತರಹ ಕಾಣುತ್ತದೆ." ಹೇಳಿದ್ದು ಸರಿಯಾಗಿಯೇ ಇತ್ತು. ಅಂದು ರಾತ್ರಿಯೇ ನಕ್ಷತ್ರವನ್ನು ಅಳಿಸಿ, ಒಂದು ಪಟ್ಟಿಯ ಹೊರತುದಿಯ ಒಂದೇ ಎಲ್‌ಇಡಿ ಸದಾ ಉರಿಯುವಂತೆ ಹೊಂದಿಸಿದೆ.

"ಅಕ್ಕ, ಅಷ್ಟು ದುಡ್ಡು ಸುರಿದು ತಂದದ್ದಲ್ಲವೇ ಅದು? ಇದಕ್ಕೆ ಒಂದು ವಾಲ್ವಿನ ಮುಚ್ಚಳ ಸಾಲುತ್ತಿರಲಿಲ್ಲವೇ?" ಎಂದು ತಂಗಿ ನಕ್ಕಳು.

ನನ್ನ ವಾಲ್ವು ತೆಳ್ಳಗಿನದು, ಆ ಮುಚ್ಚಳ ಅದಕ್ಕೆ ಕೂರುವುದಿಲ್ಲ ಎಂದೆ.