ಮೂಳೆಗೆ ಗೊತ್ತಿಲ್ಲದ ಬಣ್ಣ

ಇಟಲಿಯ ಬೊಲ್ಜಾನೊ ನಗರದ ವಸ್ತುಸಂಗ್ರಹಾಲಯದಲ್ಲಿ ಹಿಮಮಾನವ ಓಟ್ಜಿಯ ಆಳೆತ್ತರದ ಪ್ರತಿರೂಪವೊಂದಿದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದೊಳಗಿಂದ ಹೊರಬಂದ, ಸುಮಾರು 5,300 ವರ್ಷ ಹಳೆಯ ದೇಹವನ್ನು ಆಧರಿಸಿ 2011ರಲ್ಲಿ ಅದನ್ನು ರೂಪಿಸಿದ ಡಚ್ ಕಲಾವಿದ ಸಹೋದರರು ಅವನಿಗೆ ಬಿಳಿಯ ಮೈಬಣ್ಣ, ಉದ್ದನೆಯ ಕೆದರಿದ ಕೂದಲು ಮತ್ತು ಗಡ್ಡವನ್ನು ಕೊಟ್ಟರು. 2023ರಲ್ಲಿ ಅದೇ ದೇಹದ ಡಿಎನ್ಎಯನ್ನು ಇನ್ನಷ್ಟು ನಿಖರವಾಗಿ ಓದಿದಾಗ, ಅವನ ಚರ್ಮ ಎಣಿಸಿದ್ದಕ್ಕಿಂತ ಬಹಳ ಕಪ್ಪಾಗಿತ್ತೆಂದೂ, ತಲೆ ಬೋಳಾಗುವ ಗುಣ ಅವನಲ್ಲಿ ಪ್ರಬಲವಾಗಿತ್ತೆಂದೂ ತಿಳಿದುಬಂತು. ಸೋಜಿಗವೆಂದರೆ ಕಪ್ಪು ಚರ್ಮದ, ತಲೆಯಲ್ಲಿ ಕೂದಲಿಲ್ಲದ ಆ ದೇಹ ಎಲ್ಲರ ಕಣ್ಣೆದುರಿಗೇ ಇತ್ತು. ಹಿಮದಲ್ಲಿ ಸಾವಿರಾರು ವರ್ಷ ಹುದುಗಿದ್ದರಿಂದ ಹಾಗಾಗಿದೆ ಎಂದುಕೊಂಡು ಕಂಡದ್ದನ್ನು ಕಡೆಗಣಿಸಲಾಗಿತ್ತು.

ಇದರಲ್ಲಿ ಕಲಾವಿದರ ತಪ್ಪಿಗಿಂತ ತಲೆಬುರುಡೆಯಿಂದ ಮುಖವನ್ನು ಮರಳಿ ಕಟ್ಟುವ ಮುಖಪುನಾರಚನೆ ಎಂಬ ಕೆಲಸದ ಸ್ವಭಾವವೇ ಹೆಚ್ಚು ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ತಲೆಬುರುಡೆ ಕೆಲವು ಸಂಗತಿಗಳನ್ನು ಮಿಲಿಮೀಟರಿನ ನಿಖರತೆಯಲ್ಲಿ ಹೇಳುತ್ತದೆ, ಕೆಲವನ್ನು ಅರೆಬರೆ ಸೂಚಿಸುತ್ತದೆ, ಉಳಿದವುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ಮುಗಿದ ಮುಖದಲ್ಲಿ ಈ ಮೂರೂ ಒಂದೇ ಹೊಳಪಿನಲ್ಲಿ ಬೆರೆತುಹೋಗುವುದರಿಂದ, ಯಾವುದು ಸಾಕ್ಷ್ಯ, ಯಾವುದು ಊಹೆ ಎಂದು ನೋಡುಗರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ವಿಧಾನ ಹೀಗಿದೆ. ಮುಖದ ಗೊತ್ತುಪಡಿಸಿದ ಬಿಂದುಗಳಲ್ಲಿ ಚರ್ಮ, ಕೊಬ್ಬು ಮತ್ತು ಸ್ನಾಯುಗಳು ಸೇರಿ ಎಷ್ಟು ದಪ್ಪವಾಗಿರುತ್ತವೆ ಎಂಬುದರ ಸರಾಸರಿ ಅಳತೆಗಳನ್ನು ಹಿಂದೆ ಶವಗಳಿಗೆ ಸೂಜಿ ಚುಚ್ಚಿ ಕಲೆಹಾಕುತ್ತಿದ್ದರು, ಈಗ ಬದುಕಿರುವವರ ಸಿಟಿ ಸ್ಕ್ಯಾನ್ ಮತ್ತು ಅಲ್ಟ್ರಾಸೌಂಡ್‌ಗಳಿಂದ ಪಡೆಯುತ್ತಾರೆ. ಬುರುಡೆಯ ಅಚ್ಚಿನ ಮೇಲೆ ಆ ಅಳತೆಯ ಚಿಕ್ಕ ಗೂಟಗಳನ್ನು ನೆಟ್ಟು, ಸ್ನಾಯುಗಳನ್ನು ಒಂದೊಂದಾಗಿ ಜೇಡಿಮಣ್ಣಿನಲ್ಲಿ ಕಟ್ಟಿ, ಮೇಲೆ ಚರ್ಮದ ಪದರ ಹೊದಿಸುತ್ತಾರೆ. ಇಂದು ಇದೇ ಕೆಲಸ ಕಂಪ್ಯೂಟರಿನ ಪರದೆಯ ಮೇಲೂ ನಡೆಯುತ್ತದೆ. ಹಣೆ, ಕೆನ್ನೆಮೂಳೆ, ದವಡೆಯ ಅಂಚುಗಳಲ್ಲಿ ಮಾಂಸ ತೆಳುವಾಗಿರುವುದರಿಂದ ಅಲ್ಲಿ ಎಲುಬಿನ ಮಾತನ್ನು ಹೆಚ್ಚುಕಡಿಮೆ ನಂಬಬಹುದು. ಕೆನ್ನೆಯ ತುಂಬು ಮಾತ್ರ ಆ ಮನುಷ್ಯ ಉಂಡು ಬಾಳಿದನೋ ಹಸಿದು ಬಾಳಿದನೋ ಎಂಬುದರ ಮೇಲೆ ನಿಂತಿರುತ್ತದೆ. ಮೂಗಿನ ವಿಷಯ ಇನ್ನೂ ತೊಡಕಿನದು. ಮೂಳೆಯಲ್ಲಿರುವ ರಂಧ್ರದ ಅಗಲ ಇಡೀ ಮೂಗಿನ ಅಗಲದ ಸುಮಾರು ಐದನೇ ಮೂರರಷ್ಟು ಎಂಬ ಲೆಕ್ಕವಿದೆಯಾದರೂ, ತುದಿಯ ಆಕಾರ ಮೃದ್ವಸ್ಥಿಯ ಪಾಲಿನದಾದ್ದರಿಂದ ಅದು ದೇಹದೊಂದಿಗೇ ಕೊಳೆತುಹೋಗಿರುತ್ತದೆ. ಕಿವಿಯ ಬಗ್ಗೆ ಬುರುಡೆ ಹೇಳುವುದು ತೀರ ಅಲ್ಪ. ಕೂದಲು, ಹುಬ್ಬು, ಮೈಬಣ್ಣಗಳನ್ನಂತೂ ಅದರ ಬಳಿ ಕೇಳಲೇಬಾರದು.

ಈ ವಿದ್ಯೆಯ ಆರಂಭದ ಪ್ರಸಿದ್ಧ ಉದಾಹರಣೆಯಲ್ಲೇ ಒಂದು ಸಂಶಯ ಹುದುಗಿದೆ. 1894ರಲ್ಲಿ ಲೀಪ್‌ಜಿಗ್‌ನ ಚರ್ಚೊಂದರ ಬಳಿ ಅಗೆದಾಗ ಸಿಕ್ಕ ಅಸ್ಥಿಪಂಜರ ಸಂಗೀತಗಾರ ಬಾಖ್‌ನದೇ ಎಂದು ತೀರ್ಮಾನಿಸಲು ಅಂಗರಚನಾಶಾಸ್ತ್ರಜ್ಞ ವಿಲ್ಹೆಲ್ಮ್ ಹಿಸ್ ಶವಗಳ ಮೇಲೆ ಅಳತೆಗಳನ್ನು ತೆಗೆದನು. ಅವುಗಳ ಆಧಾರದ ಮೇಲೆ ಶಿಲ್ಪಿ ಸೆಫ್ನರ್ ಮುಖವನ್ನು ಕಟ್ಟಿದನು. ಮುಖ ಬಾಖ್‌ನ ಭಾವಚಿತ್ರಗಳಂತೆಯೇ ಬಂದಿತು. ಆದರೆ ಯಾರ ಮುಖ ಬರಬೇಕೆಂದು ಶಿಲ್ಪಿಗೆ ಮೊದಲೇ ಗೊತ್ತಿದ್ದಾಗ ಆ ಹೋಲಿಕೆಗೆ ಎಷ್ಟು ಬೆಲೆ ಕೊಡಬೇಕು? 1913ರಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಫಾನ್ ಎಗ್ಗೆಲಿಂಗ್ ಒಂದೇ ಬುರುಡೆಯನ್ನು, ಒಂದೇ ಅಳತೆಗಳನ್ನು ಇಬ್ಬರು ಶಿಲ್ಪಿಗಳಿಗೆ ಕೊಟ್ಟು ನೋಡಿದಾಗ ಒಂದನ್ನೊಂದು ಹೋಲದ ಎರಡು ಮುಖಗಳು ಬಂದವು. ಅಂದಿನಿಂದ ವಿಧಾನ ಬಹಳ ಸುಧಾರಿಸಿದೆ. 1941ರಲ್ಲಿ ಸಮರ್ಕಂದದಲ್ಲಿ ತೈಮೂರನ ಗೋರಿ ತೆರೆದ ಬಳಿಕ ಅವನ ಮುಖವನ್ನು ರೂಪಿಸಿದ ಸೋವಿಯತ್ ಮಾನವಶಾಸ್ತ್ರಜ್ಞ ಗೆರಾಸಿಮೊವ್, ಆಮೇಲೆ ಮ್ಯಾಂಚೆಸ್ಟರಿನ ರಿಚರ್ಡ್ ನೀವ್, ಅವರ ಪರಂಪರೆಯ ಕ್ಯಾರೊಲಿನ್ ವಿಲ್ಕಿನ್ಸನ್ ಇವರೆಲ್ಲ ಅದನ್ನು ಶಿಸ್ತಿಗೆ ತಂದಿದ್ದಾರೆ. ಆದರೂ ಆ ಹಳೆಯ ಪ್ರಶ್ನೆಯನ್ನು ಪ್ರತಿ ಬಾರಿಯೂ ಕೇಳಲೇಬೇಕಾಗುತ್ತದೆ.

ಮುಖಕ್ಕಿಂತ ನನ್ನನ್ನು ಹೆಚ್ಚು ಸೆಳೆಯುವುದು ಎಲುಬುಗಳ ವೈದ್ಯಕೀಯ ಓದು. 1485ರಲ್ಲಿ ಬಾಸ್‌ವರ್ತ್ ಕದನದಲ್ಲಿ ಸತ್ತ ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್‌ನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲುಗಡೆಯ ಜಾಗದಡಿ ಸಿಕ್ಕಿತು. ಸಾಯುವ ಹೊತ್ತಿಗೆ ಆದ ಹನ್ನೊಂದು ಗಾಯಗಳ ಪೈಕಿ ಒಂಬತ್ತು ತಲೆಬುರುಡೆಯಲ್ಲಿದ್ದವು. ತೋಳುಗಳಲ್ಲಿ ತಡೆಯೊಡ್ಡಿದ ಗುರುತುಗಳಿರಲಿಲ್ಲ. ಅಂದರೆ ಶಿರಸ್ತ್ರಾಣ ಕಳಚಿಹೋಗಿತ್ತು, ಮೈಮೇಲಿನ ಕವಚ ಇನ್ನೂ ಇತ್ತು ಎಂದು ತರ್ಕಿಸಬಹುದು. ಗೂನುಬೆನ್ನಿನವನೆಂದು ವಿರೋಧಿಗಳು ಹಬ್ಬಿಸಿದ ಕಥೆಗೂ ಅಲ್ಲೇ ಉತ್ತರ ಸಿಕ್ಕಿತು: ಬೆನ್ನೆಲುಬು ಮುಂದಕ್ಕೆ ಬಾಗಿರಲಿಲ್ಲ, ಹರೆಯದಲ್ಲಿ ಶುರುವಾದ ಕಾಯಿಲೆಯಿಂದ ಪಕ್ಕಕ್ಕೆ ತಿರುಚಿಕೊಂಡಿತ್ತು. ಹೊಟ್ಟೆಯ ಭಾಗದ ಮಣ್ಣಿನಲ್ಲಿ ದುಂಡುಹುಳುಗಳ ಮೊಟ್ಟೆಗಳು ಸಿಕ್ಕವು. ತಲೆಯ ಭಾಗದ ಮಣ್ಣಿನಲ್ಲಿ ಅವು ಇರಲಿಲ್ಲವಾದ್ದರಿಂದ ಹುಳುಗಳು ದೊರೆಯ ಕರುಳಿನವೇ ಎಂದು ಖಚಿತವಾಯಿತು. ಅದೇ ದೊರೆಯ ಪುನಾರಚಿತ ಮುಖಕ್ಕೆ ಮೊದಲು ಕಡುಬಣ್ಣದ ಕೂದಲನ್ನು ಕೊಟ್ಟು, ಕಣ್ಣು ನೀಲಿ, ಕೂದಲು ಬಹುಶಃ ಹೊಂಬಣ್ಣ ಎಂದು 2014ರಲ್ಲಿ ಡಿಎನ್ಎ ಸೂಚಿಸಿದ ಮೇಲೆ ಬದಲಾಯಿಸಬೇಕಾಯಿತು.

ಎಲುಬಿನ ಓದಿಗೂ ಮಿತಿಗಳಿವೆ. ಕ್ಷಯ, ಕುಷ್ಠದಂಥ ನಿಧಾನದ ರೋಗಗಳು ಮಾತ್ರ ಮೂಳೆಯಲ್ಲಿ ಗುರುತು ಬಿಡುತ್ತವೆ. ಪ್ಲೇಗು ಮೂಳೆಯನ್ನು ಮುಟ್ಟುವ ಮೊದಲೇ ಮನುಷ್ಯನನ್ನು ಕೊಂಡೊಯ್ಯುತ್ತದೆ, ಹಾಗಾಗಿ ಅದನ್ನು ಹಲ್ಲಿನೊಳಗೆ ಉಳಿದ ರೋಗಾಣುವಿನ ಡಿಎನ್ಎಯಲ್ಲಿ ಹುಡುಕಬೇಕಾಗುತ್ತದೆ. ಇದರಿಂದ ಹುಟ್ಟುವ ವಿಪರ್ಯಾಸವನ್ನು 1992ರಲ್ಲಿ ಕೆಲವು ವಿದ್ವಾಂಸರು ಎತ್ತಿ ತೋರಿಸಿದರು: ಗುರುತುಗಳಿರುವ ಅಸ್ಥಿಪಂಜರ, ರೋಗದೊಡನೆ ಬಹುಕಾಲ ಸೆಣಸಿ ಬದುಕಿದ ಗಟ್ಟಿಗನದಾಗಿರಬಹುದು, ಒಂದು ಕಲೆಯೂ ಇಲ್ಲದ ಚೊಕ್ಕ ಎಲುಬು, ಮೊದಲ ಏಟಿಗೇ ಸತ್ತ ದುರ್ಬಲನದಾಗಿರಬಹುದು.

ಪ್ರದರ್ಶನದ ಬಗ್ಗೆ ನನ್ನದೊಂದು ಆಸೆ ಇದೆ. 2005ರಲ್ಲಿ ಪ್ರಾಚೀನ ಈಜಿಪ್ಟಿನ ದೊರೆ ಟುಟಂಖಾಮನ್‌ನ ಸಿಟಿ ಸ್ಕ್ಯಾನ್ ಆಧರಿಸಿ ಫ್ರಾನ್ಸ್, ಅಮೆರಿಕ ಮತ್ತು ಈಜಿಪ್ಟಿನ ಮೂರು ತಂಡಗಳು ಬೇರೆಬೇರೆಯಾಗಿ ಮುಖಗಳನ್ನು ರೂಪಿಸಿದವು. ಬುರುಡೆ ಯಾರದೆಂದು ಅಮೆರಿಕದ ತಂಡಕ್ಕೆ ತಿಳಿಸಿರಲಿಲ್ಲ. ತಲೆ ಮತ್ತು ಮುಖದ ಒಟ್ಟು ಆಕಾರದಲ್ಲಿ ಅವು ಬಹುಮಟ್ಟಿಗೆ ಹೊಂದಿದವು, ಮೂಗುಗಳು ಮಾತ್ರ ಮೂರು ಬಗೆಯವಾದವು. ಪತ್ರಿಕೆಗಳ ಪುಟಗಳಲ್ಲಿ ಮೆರೆದದ್ದು ಫ್ರೆಂಚ್ ತಂಡದ, ಕಣ್ಣಿಗೆ ಕಾಡಿಗೆ ಹಚ್ಚಿದ ಬಣ್ಣದ ಮುಖ. ನನ್ನನ್ನು ಕೇಳಿದ್ದರೆ, ಆ ಮೂರನ್ನೂ ಬಣ್ಣ ಬಳಿಯದೆ, ಕೂದಲಿಲ್ಲದೆ, ಬುರುಡೆಯ ಅಚ್ಚಿನ ಪಕ್ಕದಲ್ಲಿ ಸಾಲಾಗಿ ಇಟ್ಟು, ಮೂಗುಗಳು ಏಕೆ ಬೇರೆಯಾದವು ಎಂಬುದನ್ನು ಕೆಳಗಿನ ಫಲಕದಲ್ಲಿ ಬರೆಯಿಸುತ್ತಿದ್ದೆ.