ಪ್ಲೇಟಿನ ಮೇಲೆ ಅಕ್ಷರ ನೇರ ಇತ್ತು

ಅಪ್ಪ ಮೂವತ್ತು ವರ್ಷ ಅಚ್ಚುಮೊಳೆ, ಅಂದರೆ ತುದಿಯಲ್ಲಿ ಉಲ್ಟಾ ಅಕ್ಷರ ಉಬ್ಬಿರುವ ಲೋಹದ ತುಂಡುಗಳನ್ನು, ಜೋಡಿಸಿದವರು. ಅಕ್ಷರವನ್ನು ಉಲ್ಟಾ ಓದುವುದು ಅವರಿಗೆ ನೇರ ಓದಿದಷ್ಟೇ ಸಲೀಸು. ಪತ್ರಿಕೆ ಪ್ರಿಂಟಾಗುವ ರೋಟರಿ ಮಷಿನ್ ನೋಡಬೇಕು ಅಂತ ಬಹಳ ದಿನದಿಂದ ಹೇಳುತ್ತಿದ್ದರು. ಒಂದು ರಾತ್ರಿ ನನ್ನ ಡ್ಯೂಟಿ ಮುಗಿದ ಮೇಲೆ ಪ್ರೆಸ್ಸಿಗೆ ಕರೆದುಕೊಂಡು ಹೋದೆ.

ಅವರ ಕಣ್ಣು ಮೊದಲು ಹೋಗಿದ್ದು ಮುಖಪುಟದ ಪ್ಲೇಟಿನ ಮೇಲೆ. ತೆಳ್ಳಗಿನ ಅಲ್ಯೂಮಿನಿಯಂ ತಗಡು.

"ಇದೇನೋ, ಅಕ್ಷರ ನೇರ ಇದೆ! ಪೇಪರಲ್ಲಿ ಉಲ್ಟಾ ಬೀಳಲ್ವಾ?"

ದಿನಾ ಅದೇ ಪ್ಲೇಟು ನೋಡುತ್ತಿದ್ದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಮಷಿನ್ ನಡೆಸುವವರು "ಬನ್ನಿ ಯಜಮಾನ್ರೇ" ಅಂತ ಹತ್ತಿರ ಕರೆದು ತೋರಿಸಿದರು. ಪ್ಲೇಟು ಕಾಗದವನ್ನು ಮುಟ್ಟುವುದೇ ಇಲ್ಲ. ಅದು ಪಕ್ಕದ ಸಿಲಿಂಡರಿಗೆ ಸುತ್ತಿದ ರಬ್ಬರ್ ಬ್ಲಾಂಕೆಟ್ ಮೇಲೆ ಒತ್ತುತ್ತದೆ, ಅಲ್ಲಿ ಅಕ್ಷರ ಉಲ್ಟಾ, ಬ್ಲಾಂಕೆಟ್ಟು ಕಾಗದಕ್ಕೆ ಒತ್ತಿದಾಗ ಮತ್ತೆ ನೇರ. ಅಪ್ಪ ಬೇರೊಂದು ಹಳೇ ಪ್ಲೇಟಿನ ಮೇಲೆ ಬೆರಳಾಡಿಸಿದರು. ಉಬ್ಬೇ ಇಲ್ಲ, ನುಣ್ಣಗಿದೆ. ಅಕ್ಷರದ ಜಾಗ ಎಣ್ಣೆಯ ಇಂಕನ್ನು ಹಿಡಿಯುತ್ತದೆ, ಉಳಿದ ಜಾಗ ನೀರು ಹಿಡಿದು ಇಂಕನ್ನು ದೂರ ಇಡುತ್ತದೆ.

"ಹಾಗಾದ್ರೆ ಇದು ಕಲ್ಲಚ್ಚೇ" ಅಂದರು ಅಪ್ಪ. ನುಣ್ಣಗಿನ ಕಲ್ಲಿನ ಮೇಲೆ ಎಣ್ಣೆ-ನೀರಿನ ಇದೇ ಉಪಾಯದಲ್ಲಿ ಅಚ್ಚು ಹಾಕುವ ಹಳೇ ವಿಧಾನ ಅದು. ಹೌದಲ್ವಾ! 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲೇ ಬಂದಿದ್ದು.

ಬೆಲ್ ಹೊಡೆದು ಮಷಿನ್ ನಿಧಾನಕ್ಕೆ ಹೊರಟಿತು. ಮೊದಲ ಪ್ರತಿಗಳಲ್ಲಿ ಕೆಂಪು ಒಂದು ಕೂದಲೆಳೆ ಪಕ್ಕಕ್ಕೆ ಸರಿದು, ಫೋಟೋದಲ್ಲಿದ್ದವರಿಗೆ ಎರಡೆರಡು ತುಟಿ. ನಾಲ್ಕು ಬಣ್ಣ ಒಂದರ ಮೇಲೊಂದು ಕೂರುವವರೆಗೆ ಬಂದದ್ದೆಲ್ಲ ರದ್ದಿ. ಆಮೇಲೆ ವೇಗ ಏರಿತು. ಪುಟಗಳು ಗೆರೆಗಳಾಗಿ ಮೇಲೇರಿ, ಕಾಗದ ಮಡಚುವ ತ್ರಿಕೋನದ ತಗಡಿನ (ಫಾರ್ಮರ್) ಮೇಲೆ ಜಾರುತ್ತಾ ಮಡಚಿಕೊಂಡು, ಕತ್ತರಿಸಿಕೊಂಡು, ಕೆಳಗೆ ಪೇಪರಾಗಿ ಬೀಳುತ್ತಿದ್ದವು.

ಫಟ್ ಅಂತ ಶಬ್ದ. ಎಲ್ಲ ನಿಂತಿತು. ಪೇಪರ್ ಕಟ್! ರೀಲಿನ ಅಂಚಿನಲ್ಲಿ ಉಗುರಿನಷ್ಟು ಹರಿದಿದ್ದರೂ ಸಾಕು, ಆ ಬಿಗಿತಕ್ಕೆ ಇಡೀ ಕಾಗದ ಸೀಳಿ ಹೋಗುತ್ತದೆ. ಹೊರಗೆ ವ್ಯಾನುಗಳು ಕಾಯುತ್ತಿದ್ದವು. ಹುಡುಗರು ಮೇಲೆ ಹತ್ತಿ ಒಂದೊಂದೇ ರೋಲರಿನ ಸಂದಿಯಲ್ಲಿ ಕಾಗದದ ತುದಿಯನ್ನು ಕೈಯಲ್ಲೇ ತೂರಿಸಿದರು. ಅಷ್ಟು ದೊಡ್ಡ ಯಂತ್ರಕ್ಕೂ ಅವರ ಬೆರಳೇ ಬೇಕು. ಅಪ್ಪ ಕದಲದೆ ನೋಡುತ್ತಾ ನಿಂತಿದ್ದರು.

ಮತ್ತೆ ಶುರುವಾದಾಗ ಒಂದು ಪ್ರತಿ ಎತ್ತಿಕೊಂಡರು. ತಲೆಬರಹ ಓದಲಿಲ್ಲ. ಹಾಳೆ ತಿರುಗಿಸಿ ಹಿಂಬದಿಯನ್ನು ಹೆಬ್ಬೆರಳಲ್ಲಿ ಸವರಿದರು, ಮೊಳೆ ಒತ್ತಿದ ಗುರುತು ಹುಡುಕುತ್ತಾ. ಹೆಬ್ಬೆರಳಿಗೆ ಕಪ್ಪು ಹತ್ತಿತ್ತು.

"ಒತ್ತೇ ಇಲ್ಲ ಕಣೋ" ಅಂದರು. ಆ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಇಟ್ಟುಕೊಂಡರು.